ಸೀತಾಳ ಸೋದರಮಾವನ ಹೆಂಡತಿ

ನನ್ನ ಸೊಸೆ ಹುಟ್ಟಿದ ಸುದ್ದಿ ತಲುಪಿದಾಗ ನಾನು ಈಳಿಗೆಮಣೆಯ ಮುಂದೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದೆ. (ಸೊಸೆ ಬರುವುದುಂಟು, ಹುಟ್ಟುವುದುಂಟೇ ಎಂದು ಕೇಳುವವರು ನಮ್ಮ ಕಡೆಯವರಲ್ಲ. ಸ್ವಲ್ಪ ತಾಳಿ, ಹೇಳುತ್ತೇನೆ.)

ಅದು ನನ್ನ ಮಗಳು ಭಾರತಿಯ ಚೊಚ್ಚಲ ಹೆರಿಗೆ. ನೋವು ಕಾಣಿಸಿಕೊಂಡ ಕೂಡಲೇ ನಮ್ಮ ಯಜಮಾನರು ಅವಳನ್ನು ಶ್ರೀನಿವಾಸಪುರದಿಂದ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೊತೆಗೆ ನಮ್ಮಮ್ಮ ಹೋದಳು. ನಾನು ಹೋಗಲಿಲ್ಲ. ಅರ್ಧ ಕಾಯಿ ಹೆಚ್ಚಿ ಉಪ್ಪು ಬೆರೆಸಿ ಆಗಿತ್ತು. ಉಪ್ಪು ಬಿದ್ದ ಕಾಯಿ ಯಾರ ಹೆರಿಗೆಗೂ ಕಾಯುವುದಿಲ್ಲ. “ನಿನಗೆ ನನಗಿಂತ ಉಪ್ಪಿನಕಾಯಿ ಹೆಚ್ಚಾಯಿತು” ಎಂದು ಭಾರತಿ ಇವತ್ತಿಗೂ ಹಂಗಿಸುತ್ತಾಳೆ. ಹಂಗಿಸುತ್ತಲೇ ವರ್ಷಾವರ್ಷ ಎರಡು ಜಾಡಿ ತುಂಬಿಸಿಕೊಂಡು ಹೋಗುತ್ತಾಳೆ.

ಮಧ್ಯಾಹ್ನದ ಬಸ್ಸಿಗೆ ಇವರು ವಾಪಸು ಬಂದರು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು, “ಅಂಬೂ, ನಿನ್ನ ಸೊಸೆ ಹುಟ್ಟಿದಳು ಕಣೇ” ಎಂದರು.

ನನ್ನ ಮಗ ಮುಕುಂದನಿಗೆ ಆಗ ಎಂಟು ವರ್ಷ. ಜಗುಲಿಯಲ್ಲಿ ಕೂತು ಮೊಣಕೈವರೆಗೆ ರಸ ಇಳಿಸಿಕೊಂಡು ವಾಟೆ ಚೀಪುತ್ತಿದ್ದ. ನೋಡೋ, ನಿನ್ನ ಹೆಂಡತಿ ಹುಟ್ಟಿದ್ದಾಳೆ ಎಂದೆ. ಅವನು ಬುಟ್ಟಿಯಲ್ಲಿ ಉಳಿದಿದ್ದ ಹಣ್ಣಿನ ಕಡೆ ಒಂದು ಸಲ ನೋಡಿ, “ಅವಳಿಗೂ ಪಾಲು ಕೊಡ್ಬೇಕಾ?” ಎಂದು ಕೇಳಿದ. ಆ ಮದುವೆಯ ವಿಷಯದಲ್ಲಿ ಅವನು ಅಷ್ಟು ಸ್ಪಷ್ಟವಾಗಿ ಅಭಿಪ್ರಾಯ ಹೇಳಿದ್ದು ಅದೇ ಮೊದಲು. ಮುಂದೆ ಇಪ್ಪತ್ತೈದು ವರ್ಷ ಬಾಯಿ ಬಿಡಲಿಲ್ಲ. ನಾನೂ ಬಿಡಿಸಲಿಲ್ಲ.

ನಮ್ಮದು ಮೂಲತಃ ಮುಳಬಾಗಿಲಿನ ಮನೆತನ. ನಮ್ಮಲ್ಲಿ ಅಕ್ಕನಿಗೆ ಮಗಳು ಹುಟ್ಟಿದಳೆಂದರೆ ತಮ್ಮನಿಗೆ ಹೆಣ್ಣು ಗೊತ್ತಾಯಿತೆಂದೇ ಅರ್ಥ. ನನ್ನ ಯಜಮಾನರೂ ನನಗೆ ಸೋದರಮಾವನೇ, ನಮ್ಮಮ್ಮನ ಒಡಹುಟ್ಟಿದ ತಮ್ಮ. ಬೇರೆ ಹುಡುಗಿಯರು ಮದುವೆಯಾಗಿ ಅತ್ತೆಯ ಮನೆಗೆ ಹೋಗುತ್ತಾರೆ. ನಾನು ಅಜ್ಜಿಯ ಮನೆಗೆ ಹೋದೆ. ಅಲ್ಲಿ ಬೆಲ್ಲದ ಡಬ್ಬ ಯಾವ ಗೂಡಿನಲ್ಲಿದೆ ಎನ್ನುವುದು ನನಗೆ ಐದನೇ ವಯಸ್ಸಿನಿಂದಲೇ ಗೊತ್ತಿತ್ತು. ಹೊಸ ಮದುವಣಗಿತ್ತಿಗೆ ಇದಕ್ಕಿಂತ ದೊಡ್ಡ ಸೌಭಾಗ್ಯ ಮೂರು ಲೋಕದಲ್ಲಿ ಉಂಟೇ? ಮದುವೆಗೆ ಮುಂಚೆ ಅವರನ್ನು ಮಾವ ಎನ್ನುತ್ತಿದ್ದೆ. ತಾಳಿ ಕಟ್ಟಿದ ಮೇಲೂ ನಾಲಿಗೆ ತಿರುಗಲಿಲ್ಲ, ಮಾವ ಎಂದೇ ಕರೆದೆ. ಕೊನೆಯ ದಿನದವರೆಗೂ ಅದೇ.

ಈ ಏರ್ಪಾಟಿನಲ್ಲಿ ಒಂದೇ ಒಂದು ತೊಡಕು: ನಂಟಸ್ತಿಕೆ ಸ್ವಲ್ಪ ಸಿಕ್ಕಾಗುತ್ತದೆ. ನಮ್ಮಮ್ಮ ನನಗೆ ತಾಯಿಯೂ ಹೌದು, ಗಂಡನ ಅಕ್ಕನಾದ್ದರಿಂದ ಅತ್ತಿಗೆಯೂ ಹೌದು. (ಜಗಳವಾದಾಗ ಯಾವುದು ಅನುಕೂಲವೋ ಆ ಹುದ್ದೆಯಿಂದ ಮಾತಾಡುತ್ತಿದ್ದಳು.) ನನ್ನ ಮಕ್ಕಳಿಗೆ ಅವಳು ಅಜ್ಜಿಯೂ ಹೌದು, ಸೋದರತ್ತೆಯೂ ಹೌದು. ನಮಗೆ ಇದು ಉಸಿರಾಡಿದಷ್ಟು ಸಲೀಸು. ದೆಹಲಿಯವರಿಗೆ ಇದು ಅರ್ಥವಾಗುವುದಿಲ್ಲ ಎಂದು ಗೊತ್ತಾದದ್ದು ಮುಂದೆ, ಅವರದೊಂದು ಪರೀಕ್ಷೆ ನಮ್ಮ ಮನೆ ಹೊಕ್ಕ ಮೇಲೆ.

ಅದಕ್ಕೂ ಮುಂಚೆ ಇನ್ನೊಂದು ಮಾತು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುವುದನ್ನು ಕಲಿಸಿದವರು ಮಾವನೇ. ಸಾಯಂಕಾಲ ತಾಲ್ಲೂಕು ಕಚೇರಿಯಿಂದ ಬಂದು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರನ್ನು ಜೋರಾಗಿ ಓದುವರು. ನಾನು ಒಳಗೆ ಒಗ್ಗರಣೆ ಹಾಕಬೇಕಾದರೆ, “ತಡೀರಿ, ಸಾಸಿವೆ ಸಿಡೀಲಿ” ಎನ್ನುವೆ. ಅವರು ಅರ್ಧ ವಾಕ್ಯದಲ್ಲಿ ನಿಲ್ಲಿಸುವರು. ಯಾವ ದೇಶದ ಯುದ್ಧವಾದರೂ ನಮ್ಮ ಸಾಸಿವೆ ಸಿಡಿಯುವವರೆಗೆ ಕಾಯುತ್ತಿತ್ತು. ತೊಂಬತ್ತೊಂದರಲ್ಲಿ ಅವರು ಹೋದರು. ಆಮೇಲೆ ನಮ್ಮ ಮನೆಯಲ್ಲಿ ಜೋರಾಗಿ ಓದುವವರೇ ಇಲ್ಲವಾದರು. ಮುಕುಂದ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಪೇಪರನ್ನು ಕಣ್ಣಲ್ಲೇ ಓದಿ ಮಡಚಿ ಇಡುವ ಜಾತಿ. ಮನೆಗೆ ಪೇಪರು ಬಂದಿದೆ ಎಂದು ನನಗೆ ಗೊತ್ತಾಗುತ್ತಿದ್ದದ್ದು ಅದರ ಮೇಲೆ ಹಪ್ಪಳ ಒಣಗಿಸುವಾಗಲೇ.

ಇರಲಿ. ನನ್ನ ಸೊಸೆ, ಅಂದರೆ ಮೊಮ್ಮಗಳು, ಶ್ರೀವಾಣಿ ಬೆಳೆದಳು. ಇತಿಹಾಸದಲ್ಲಿ ಎಂ.ಎ. ಮುಗಿಸಿದಳು. ನಾನು ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಹೊರಿಸಿಕೊಂಡು ಮಗಳ ಮನೆಗೆ, ಕೋಲಾರಕ್ಕೆ, ದಿಗ್ವಿಜಯ ಹೊರಟೆ. ಅಳಿಯಂದಿರು ಶ್ರೀರಾಮ್ ಕುರ್ಚಿ ಕೊಟ್ಟರು, ಭಾರತಿ ಕಾಫಿ ಕೊಟ್ಟಳು, ನಾನು ಮದುವೆಯ ಮಾತು ತೆಗೆದೆ. ಶ್ರೀವಾಣಿ ಹಣ್ಣಿನ ತೊಟ್ಟು ಮುರಿಯುತ್ತಾ, “ನೆಟ್ ಪಾಸಾಗ್ಲಿ ಅಜ್ಜಿ. ಆಮೇಲೆ ನೀನು ಹೇಳಿದ ಹಾಗೆ” ಎಂದಳು.

ನೆಟ್ ಎಂದರೇನೆಂದು ಅಳಿಯಂದಿರು ಬಿಡಿಸಿ ಹೇಳಿದರು. ದೆಹಲಿಯವರು ಇಡೀ ದೇಶಕ್ಕೆ ನಡೆಸುವ ಪರೀಕ್ಷೆಯಂತೆ. ಜೂನ್‌ನಲ್ಲೊಂದು, ಡಿಸೆಂಬರಿನಲ್ಲೊಂದು. ಅದು ಆಗದೆ ಎಂ.ಎ. ಮಾಡಿದವರು ಕೂಡ ಕಾಲೇಜಿನಲ್ಲಿ ಪಾಠ ಹೇಳುವಂತಿಲ್ಲ, ಸಂಶೋಧನೆಗೆ ಸಂಬಳ ಇಲ್ಲ. ನೂರು ಜನ ಕೂತರೆ ನಾಲ್ಕೈದು ಜನ ದಾಟಿದರೆ ಹೆಚ್ಚಂತೆ. ಅಳಿಯಂದಿರು ಇದನ್ನು ನನ್ನನ್ನು ಹೆದರಿಸುವಂತೆ ಹೇಳಿದರು. ನಾನು ಹೆದರಲಿಲ್ಲ. ಪಾಸಾದ ಸೊಸೆ ಬರುತ್ತಾಳೆಂದರೆ ನಷ್ಟ ಯಾರಿಗೆ? ಆ ಕೋಲಾರದ ಮನೆಯಲ್ಲಿ ಎರಡು ಗಂಡುಮಕ್ಕಳ ಗಲಾಟೆ, ಮೂರು ಹೊತ್ತೂ ಟೀವಿ. ಅಲ್ಲಿ ಓದಿದರೆ ನೆಟ್ ಇರಲಿ, ಬಸ್ಸಿನ ಬೋರ್ಡೂ ಓದಲಾಗುವುದಿಲ್ಲ ಎಂದು ಹೇಳಿ, ಹುಡುಗಿಯನ್ನು ಪುಸ್ತಕದ ಗಂಟಿನ ಸಮೇತ ಶ್ರೀನಿವಾಸಪುರಕ್ಕೆ ಕರೆತಂದೆ.

ಈ ಸುದ್ದಿ ಕೇಳಿ ಮುಕುಂದ ತೋರಿಸಿದ ಉತ್ಸಾಹವನ್ನು ನಾನು ಅವನ ಮುಖದಲ್ಲಿ ಹಿಂದೆಂದೂ ಕಂಡಿರಲಿಲ್ಲ. “ಒಳ್ಳೇದಮ್ಮ, ಓದ್ಲಿ. ಎಷ್ಟು ವರ್ಷ ಬೇಕಾದ್ರೂ ಓದ್ಲಿ” ಎಂದ. ಬೆಂಗಳೂರಿಗೆ ಹೋದಾಗಲೆಲ್ಲ ದಪ್ಪ ದಪ್ಪ ಗೈಡು ತಂದುಕೊಟ್ಟ. ಹುಡುಗಿಯ ಮೇಲೆ ಇವನಿಗೆ ಅದೆಷ್ಟು ಪ್ರೀತಿ ಎಂದು ನನ್ನ ಕಣ್ಣು ತುಂಬಿತು.

ಶ್ರೀವಾಣಿ ಕಿಟಕಿಯ ಹತ್ತಿರ ಅದೇ ಕುರ್ಚಿ ಹಾಕಿಕೊಂಡಳು. ಮತ್ತೆ, ನನ್ನ ಪುಣ್ಯ, ಅವಳದ್ದೂ ಜೋರಾಗಿ ಓದುವ ಅಭ್ಯಾಸ. ಬಾಯಲ್ಲಿ ಹೇಳಿದರೇನೇ ತಲೆಗೆ ಹತ್ತುವುದಂತೆ. ಪಲ್ಲವರು, ಗಂಗರು, ನೊಳಂಬರು ಎಲ್ಲರೂ ನಮ್ಮ ನಡುಮನೆಯಲ್ಲಿ ಓಡಾಡತೊಡಗಿದರು. ನಾನು ಅಡಿಗೆಮನೆಯ ಕೆಲಸವನ್ನೆಲ್ಲ ಒಂದೊಂದಾಗಿ ಹೊರಗೆ ತಂದೆ. ಸೊಪ್ಪು ಬಿಡಿಸುವುದು ಅಲ್ಲಿ, ಅವರೆಕಾಳು ಸುಲಿಯುವುದು ಅಲ್ಲಿ. ಅಕ್ಕಿಯಲ್ಲಿ ಕಲ್ಲೇ ಇಲ್ಲದ ದಿನವೂ ಮೊರದ ತುಂಬ ಹರಡಿಕೊಂಡು ಆರಿಸಿದೆ. ಒಂದು ದಿನ ಒಳಗೆ ಒಗ್ಗರಣೆಗೆ ಎಣ್ಣೆ ಇಟ್ಟವಳು ಅಭ್ಯಾಸಬಲದಿಂದ, “ತಡೀರಿ, ಸಾಸಿವೆ ಸಿಡೀಲಿ” ಎಂದುಬಿಟ್ಟೆ. ಹುಡುಗಿ ನಿಲ್ಲಿಸಿದಳು. ಸಾಸಿವೆ ಸಿಡಿದು ಮುಗಿದು, ಕಪ್ಪಾಗಿ, ಹೊಗೆ ಬಂದರೂ ನನಗೆ ಸೌಟು ಕೈಗೆ ಸಿಗಲಿಲ್ಲ. ಅವತ್ತಿನ ಸಾರು ಸೀದುಹೋಗಿತ್ತೆಂದು ಮುಕುಂದ ಹೇಳಿದ. ಹೊಗೆ ಕಣ್ಣಿಗೆ ಹೋಯಿತೆಂದು ನಾನು ಹೇಳಿದೆ.

ಪರೀಕ್ಷೆಗೆ ಮೂರು ಪತ್ರಿಕೆ. ಎರಡು ಇತಿಹಾಸದ್ದು, ಮೊದಲನೆಯದು ಎಲ್ಲರಿಗೂ ಒಂದೇ. ಅದರಲ್ಲಿ ತಲೆ ಓಡುತ್ತದೆಯೋ ಇಲ್ಲವೋ ನೋಡಲು ಒಗಟಿನಂಥ ಪ್ರಶ್ನೆಗಳು. ಒಂದೊಂದಕ್ಕೂ ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ, ಸರಿಯಾದ್ದಕ್ಕೆ ಗುರುತು ಹಾಕಬೇಕು. ಇಂಗ್ಲಿಷಿನಲ್ಲಿದ್ದದ್ದನ್ನು ಅವಳು ಕನ್ನಡ ಮಾಡಿ ನನಗೆ ಹೇಳುವಳು; ನನಗೆ ಅರ್ಥವಾದರೆ ತನಗೂ ಅರ್ಥವಾದಂತೆ ಎಂದು ಅವಳ ಲೆಕ್ಕಾಚಾರ. ಹಾಗೆ ಒಂದು ದಿನ ಬಂದಳು ಆ ಸೀತಾ.

“ಸೀತಾಳ ತಾಯಿಗೆ ಒಬ್ಬನೇ ತಮ್ಮ, ರವಿ. ರವಿಯ ಹೆಂಡತಿ ಸೀತಾಳಿಗೆ ಏನಾಗಬೇಕು? ಎ, ತಂಗಿ. ಬಿ, ಅತ್ತೆ. ಸಿ, ಅಜ್ಜಿ. ಡಿ, ಮಗಳು.”

“ಇದೇನು ಕೇಳೋದು” ಎಂದೆ. “ರವಿ ಹೆಂಡತಿ ಸೀತಾಳೇ.”

“ಅದು ಆಯ್ಕೆಯಲ್ಲಿ ಇಲ್ಲ ಅಜ್ಜಿ.”

“ಇಲ್ಲದೆ ಎಲ್ಲಿಗೆ ಹೋಗುತ್ತೆ? ಅಕ್ಕನ ಮಗಳು ಸೀತಾ ಮನೇಲೇ ಇರಬೇಕಾದ್ರೆ ಆ ರವಿ ಹೊರಗಿನವಳನ್ನ ಯಾಕೆ ಕಟ್ಟಿಕೊಂಡ? ಜಾತಕ ಕೂಡಲಿಲ್ವಾ?”

ಪುಸ್ತಕದ ಹಿಂದೆ ಉತ್ತರ ‘ಅತ್ತೆ’ ಎಂದಿತ್ತು. ನಾನು ಒಪ್ಪಲಿಲ್ಲ. ಅವಳು ಪುಸ್ತಕ ತಿರುಗಿಸಿ ತಿರುಗಿಸಿ ಇನ್ನೂ ನಾಲ್ಕಾರು ಕೇಳಿದಳು. ಹುಡುಗನ ತಂದೆಯ ಅಕ್ಕ ಆ ಹುಡುಗನಿಗೆ ಏನಾಗಬೇಕು? ಅತ್ತೆ, ಅಜ್ಜಿಯೂ ಇರಬಹುದು, ನಮ್ಮಮ್ಮನನ್ನೇ ನೋಡು ಎಂದೆ. ಒಂದಕ್ಕೇ ಗುರುತು ಹಾಕಬೇಕು ಎಂದಳು. ದೆಹಲಿಯವರಿಗೆ ನೆಂಟರು ಕಡಿಮೆ ಎಂದು ಕಾಣುತ್ತದೆ, ಪಾಪ, ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಗೋಡೆಯ ಮೇಲಿದ್ದ ತಾತನ ಫೋಟೋ ನೋಡಿ, ಪುಸ್ತಕ ಮಡಚಿಟ್ಟಳು.

ಜೂನ್‌ನಲ್ಲಿ ಅವಳು ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದಳು. ಹೇಗಾಯಿತೆಂದು ಕೇಳಿದರೆ, ಸೀತಾಳ ಥರದ್ದೇ ಒಂದು ಬಂದಿತ್ತು ಅಜ್ಜಿ, ನಿನ್ನ ಉತ್ತರವೇ ಕಣ್ಣಮುಂದೆ ಬಂತು ಎಂದಳು. ಫಲಿತಾಂಶ ಬಂದಾಗ ಅವಳ ನಂಬರು ಇರಲಿಲ್ಲ. ಭಾರತಿ ಕೋಲಾರದಿಂದ ಬಸ್ಸು ಹತ್ತಿ ಬಂದು, ಹೊಸಿಲು ದಾಟುವುದಕ್ಕೂ ಮುಂಚೆ, ನೀನೇ ಅವಳ ತಲೆ ಕೆಡಿಸಿದ್ದು ಎಂದು ನನ್ನ ಮೇಲೆ ಬಿದ್ದಳು. ಮುಕುಂದ ಮಾತ್ರ ಸಾಯಂಕಾಲ ಮೈಸೂರುಪಾಕಿನ ಪೊಟ್ಟಣ ತಂದ. ಸಮಾಧಾನಕ್ಕೆ ಎಂದ. ಫೇಲಾದದ್ದಕ್ಕೆ ಸಿಹಿ ಹಂಚಿದ ಗಂಡಸನ್ನು ನಾನು ಅದೇ ಮೊದಲು ಕಂಡದ್ದು. ಡಿಸೆಂಬರಿನದ್ದೂ ಹೋಯಿತು. ಆಗ ಜಾಮೂನು ತಂದ.

ಅವತ್ತೇ ನಾನು ಶಪಥ ಮಾಡಿದೆ. ನನ್ನಿಂದ ಕೆಟ್ಟದ್ದನ್ನು ನಾನೇ ಸರಿಮಾಡುತ್ತೇನೆ, ದೆಹಲಿಯವರ ನಂಟಸ್ತಿಕೆಯನ್ನು ಕಲಿತೇ ತೀರುತ್ತೇನೆ ಎಂದು. ಈ ವಯಸ್ಸಿನಲ್ಲಿ ಅದೊಂದು ಮಹಾಯಾಗ. ಅರವತ್ತು ವರ್ಷ ಒಂದು ಕಡೆ ಹರಿದ ನೀರನ್ನು ಇನ್ನೊಂದು ಕಾಲುವೆಗೆ ತಿರುಗಿಸಬೇಕಲ್ಲ. ನಾನು ಒಂದು ಸೂತ್ರ ಮಾಡಿಕೊಂಡೆ: ನಾ‍ಲ್ಕು ಆಯ್ಕೆಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ. ರುಬ್ಬುವಾಗ, ಬಟ್ಟೆ ಹರಡುವಾಗ, ದೇವರಿಗೆ ಬತ್ತಿ ಹೊಸೆಯುವಾಗ ನಾನೇ ಪ್ರಶ್ನೆ ಕೇಳತೊಡಗಿದೆ. ಊಟಕ್ಕೆ ಕೂತಾಗ ತುಪ್ಪ ಬೇಕೆಂದರೂ ಮೊದಲು ಉತ್ತರ ಹೇಳಬೇಕು.

“ತಾಯಿಯ ತಮ್ಮ ಏನಾಗಬೇಕು?”

“ಸೋದರಮಾವ.”

“ಮುಂದೆ?”

“ಮುಂದೆ ಏನೂ ಇಲ್ಲ.”

ಈ ಕೊನೆಯದನ್ನು ಶ್ರೀವಾಣಿಗಿಂತ ಜೋರಾಗಿ ಮುಕುಂದನೇ ಹೇಳುತ್ತಿದ್ದ. ಪಕ್ಕದ ಮನೆಯ ಮುನಿಗಂಗಮ್ಮ (ಯಲ್ದೂರಿನಲ್ಲಿ ಅವರದ್ದು ದೊಡ್ಡ ಮಾವಿನ ತೋಪು) ಕಾಂಪೌಂಡಿನ ಆಚೆಯಿಂದ, “ಏಮಮ್ಮಾ ಅಂಬಾಬಾಯಮ್ಮ, ಪರೀಕ್ಷೆ ಕೋಡಲಿಗಾ, ಅತ್ತೆಗಾ?” ಎಂದು ಕೇಳುವಳು. ಕೋಡಲು ಎಂದರೆ ತೆಲುಗಿನಲ್ಲಿ ಸೊಸೆ. ಇಡೀ ಬೀದಿಗೆ ಅವಳು ನನ್ನ ಸೊಸೆ ಎಂದು ಗೊತ್ತಿತ್ತು, ಇಪ್ಪತ್ತೈದು ವರ್ಷದಿಂದ ನಾನೇ ಹೇಳಿಕೊಂಡು ಬಂದದ್ದು. ಇಬ್ಬರಿಗೂ ಎಂದೆ. ಆಕೆಯನ್ನೂ ಬಿಡದೆ, ನಿನ್ನ ಗಂಡನ ತಂಗಿಯ ಮಗ ನಿನ್ನ ಮಗಳಿಗೆ ಏನಾಗಬೇಕು ಎಂದು ಕೇಳಿದೆ. “ಗಂಡ” ಎಂದಳು. “ತಪ್ಪು” ಎಂದೆ. ಲಗ್ನಪತ್ರಿಕೆ ಅಚ್ಚಾಗಿದ್ದ ಮದುವೆ ಅದು. ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟಳು.

ಒಂದು ಮಧ್ಯಾಹ್ನ ಓದುತ್ತಿದ್ದ ಶ್ರೀವಾಣಿ ನಿಲ್ಲಿಸಿ, ಬೆರಳನ್ನು ಪುಟದ ನಡುವೆ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

“ಅಜ್ಜಿ, ಒಂದಿನ ಕ್ಲಾಸಿನಲ್ಲಿ ನಿಂತ್ಕೊಂಡು ಇದನ್ನ ಹೀಗೇ ಜೋರಾಗಿ ಹೇಳಬೇಕು ಅಂತ ಆಸೆ. ಕಿಟಕಿ ಆಚೆ ಹೋಗೋರೂ ನಿಂತು ಕೇಳಬೇಕು.”

ಅವಳ ಮುಖ ಆಗ ಹೇಗಿತ್ತೆಂದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ದೀಪ ಹಚ್ಚಿದ ಮೇಲೆ ದೇವರ ಮನೆ ಕಾಣುತ್ತದಲ್ಲ, ಹಾಗೆ. ನನಗೂ ಉತ್ಸಾಹ ಬಂದು, ನಮ್ಮೂರ ಕಾಲೇಜಿಗೇ ಹಾಕಿಸಿಕೋ, ಮಧ್ಯಾಹ್ನ ಬಿಸಿ ಊಟಕ್ಕೆ ಮನೆಗೇ ಬರಬಹುದು, ಮುಕುಂದನೂ ಮಂಡಿಯಿಂದ ಬರುತ್ತಾನೆ, ಗಂಡ ಹೆಂಡತಿ ಒಟ್ಟಿಗೆ ಕೂತರೆ ನಾನು ಬಡಿಸುತ್ತೇನೆ ಎಂದೆ. ಅವಳು ಪುಟದಿಂದ ಬೆರಳು ತೆಗೆದಳು. ನೀರು ಕುಡಿದು ಬರುತ್ತೇನೆಂದು ಹಿತ್ತಲಿಗೆ ಹೋದಳು. ನೀರಿನ ಬಿಂದಿಗೆ ಅಡಿಗೆಮನೆಯಲ್ಲೇ ಇತ್ತು.

ಮುಂದಿನ ಜೂನ್ ಬಂತು. ಊರ ತುಂಬ ಮಾವಿನ ವಾಸನೆ, ಮಂಡಿಯ ಮುಂದೆ ಲಾರಿಗಳ ಸಾಲು. ಶ್ರೀವಾಣಿ ಬೆಂಗಳೂರಿಗೆ ಹೋಗಿ ಬಂದಳು. ಈ ಸಲ ಹೇಗಾಯಿತೆಂದು ಕೇಳಿದ್ದಕ್ಕೆ ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿಬಿಟ್ಟಳು. ಮಾವಿನ ಕಾಲ ಮುಗಿದು ಬೆಟ್ಟದ ನೆಲ್ಲಿಕಾಯಿ ಬರುವ ಹೊತ್ತಿಗೆ ಫಲಿತಾಂಶ ಬಂತು. ಪಾಸು.

ನಾನು ಬೇಳೆ ಬೇಯಿಸಿ, ಹೂರಣ ರುಬ್ಬಿ, ಬೀದಿಗೆಲ್ಲ ಒಬ್ಬಟ್ಟು ಹಂಚಿದೆ. ಮಾತು ಬಿಟ್ಟಿದ್ದ ಮುನಿಗಂಗಮ್ಮನಿಗೆ ಎರಡು ಹೆಚ್ಚು. ಮುಕುಂದ ಅವತ್ತು ಏನನ್ನೂ ತರಲಿಲ್ಲ. ಕೊಟ್ಟ ಒಬ್ಬಟ್ಟನ್ನು ಕಷಾಯದ ಹಾಗೆ ನುಂಗಿದ. ಶ್ರೀವಾಣಿ ನನ್ನನ್ನು ತಬ್ಬಿಕೊಂಡು ಗಿರ್ರನೆ ತಿರುಗಿಸಿ ನಕ್ಕಳು, ಆಮೇಲೆ ನೋಡಿದರೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದಾಳೆ. ಆನಂದಬಾಷ್ಪ ಎಂದು ನಾನು ಮುನಿಗಂಗಮ್ಮನಿಗೆ ಹೇಳಿದೆ. ಹಣ್ಣಿನ ವಿಷಯದಲ್ಲಿ ಆಕೆಯನ್ನು ಯಾರೂ ಮೋಸಗೊಳಿಸಲಾರರು.

“ಆನಂದ ಆದ್ರೆ ಮುಖ ಅರಳ್ಬೇಕು ಕದಮ್ಮ” ಎಂದಳು. “ಈ ಪಿಲ್ಲ, ನಿಮ್ಮ ಹುಡ್ಗಿ, ಮದ್ದು ಹಾಕಿ ಹಣ್ಣು ಮಾಡ್ದಂಗೈತೆ. ಮ್ಯಾಲೆ ಹಳದಿ, ಒಳಗೆ ಹುಳಿ.”

ನಿನ್ನ ಹಣ್ಣು ನೀನು ನೋಡಿಕೋ ಎಂದು ಗದರಿ ಒಳಗೆ ಬಂದೆ. ಬಂದವಳು ಅಡಿಗೆಮನೆಯ ಕಿಟಕಿಯ ಹತ್ತಿರ ಏನೋ ಕೆಲಸವಿದೆ ಎಂದು ನಿಂತೆ. ಏನು ಕೆಲಸ ಎಂದು ನೆನಪಾಗಲಿಲ್ಲ. ಮುಕುಂದ ಹಿತ್ತಲಿಗೆ ಹೋದ. ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತ. ಅವಳು ಚಿಕ್ಕವಳಿದ್ದಾಗ ಬಿದ್ದು ಮೊಣಕಾಲು ಕೆತ್ತಿಸಿಕೊಂಡರೆ ಹೇಗೆ ಕೂರುತ್ತಿದ್ದನೋ ಹಾಗೆ. ತನ್ನ ಕರ್ಚೀಫು ತೆಗೆದು ಕೊಟ್ಟ. ಅವಳು ಸುರ್ರೆಂದು ಮೂಗು ಸೀಟಿ ವಾಪಸು ಕೊಟ್ಟಳು. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ. ನಾನು ಸೌಟು ಹುಡುಕುವುದಕ್ಕೆ ಹೋದೆ.

ಅದಾದ ಐದಾರು ದಿನಕ್ಕೆ ಒಳ್ಳೆಯ ದಿನ ನೋಡಿ ಮಾತುಕತೆಗೆ ಎಲ್ಲರನ್ನೂ ಕರೆಸಿದೆ. ಭಾರತಿ, ಅಳಿಯಂದಿರು ಬಂದರು. ಮುಳಬಾಗಿಲಿನಿಂದ ನಮ್ಮ ಯಜಮಾನರ ದೊಡ್ಡಪ್ಪನ ಮಗ ಶ್ರೀನಿವಾಸಾಚಾರ್ರು ಪಂಚಾಂಗ ಹಿಡಿದು ಬಂದರು. ಆಚಾರ್ರಿಗೆ ಎಲ್ಲವೂ ಕ್ರಮವಾಗಿಯೇ ಆಗಬೇಕು. ಕುರ್ಚಿಯಲ್ಲಿ ಕೂರುವುದಕ್ಕೂ ದಿಕ್ಕು ನೋಡುವ ಪೈಕಿ. ನಡುಮನೆಯಲ್ಲಿ ಚಾಪೆ ಹಾಸಿತ್ತು. ಮುಕುಂದ ಕಂಬಕ್ಕೆ ಒರಗಿ, ಕಂಬವೇ ತನಗಿಂತ ಜೀವಂತವಾಗಿ ಕಾಣುವಂತೆ ನಿಂತಿದ್ದ. ಶ್ರೀವಾಣಿ ಕಿಟಕಿಯ ಹತ್ತಿರ ಅದೇ ಕುರ್ಚಿಯ ಹಿಂದೆ ಇದ್ದಳು, ಅದರ ಬೆನ್ನನ್ನು ಎರಡು ಕೈಯಲ್ಲಿ ಹಿಡಿದುಕೊಂಡು. ನಾನು ಅಡಿಗೆಮನೆಯ ಹೊಸಿಲ ಮೇಲೆ ಕೂತೆ.

ಆಚಾರ್ರು ಕನ್ನಡಕ ಏರಿಸಿ ನನ್ನ ಕಡೆ ತಿರುಗಿದರು. “ಅಂಬಾಬಾಯಿ, ಈ ಮನೆಗೆ ಹಿರಿಯಳು ನೀನು. ಎಲ್ಲರಿಗೂ ಗೊತ್ತಿರೋದೇ ಆದ್ರೂ ಬಾಯಿಂದ ಕೇಳೋದು ಕ್ರಮ. ಹುಡುಗ ಹುಡುಗಿಗೆ ಏನಾಗಬೇಕು?”

“ಸೋದರಮಾವ” ಎಂದೆ.

“ಸಂತೋಷ. ಮುಂದೆ?”

ಈಗ ನೀವೇ ಹೇಳಿ. ಎಷ್ಟೋ ತಿಂಗಳಿಂದ ರುಬ್ಬುವಾಗ, ಬಡಿಸುವಾಗ, ಬತ್ತಿ ಹೊಸೆಯುವಾಗ ಅದೇ ಪ್ರಶ್ನೆ, ಅದೇ ಉತ್ತರ. ಗಾಣದ ಎತ್ತನ್ನು ರಸ್ತೆಗೆ ಬಿಟ್ಟರೂ ಅದು ಸುತ್ತು ಹೊಡೆಯುವುದನ್ನು ಬಿಟ್ಟೀತೇ?

“ಮುಂದೆ ಏನೂ ಇಲ್ಲ” ಎಂದೆ.

ಆಚಾರ್ರ ಬೆರಳು ಪಂಚಾಂಗದ ಮೇಲೆ ನಿಂತಿತು. “ಏನೂ ಇಲ್ಲ ಅಂದ್ರೆ?”

“ನಾಲ್ಕೇ ಆಯ್ಕೆ ಇರೋದು ಆಚಾರ್ರೇ. ಗಂಡ ಅನ್ನೋದು ಅದರಲ್ಲಿ ಇಲ್ಲ.”

ಭಾರತಿ, ಅಮ್ಮನಿಗೆ ಬಿಸಿಲು ತಗುಲಿದೆ ಎಂದಳು. ಅಳಿಯಂದಿರು ಕೆಮ್ಮಿದರು. ನಾನು ಮಾತ್ರ ನೋಡುತ್ತಿದ್ದದ್ದು ಆ ಕುರ್ಚಿಯ ಕಡೆ. ಹುಡುಗಿಯ ಕೈ ಕುರ್ಚಿಯ ಬೆನ್ನಿನಿಂದ ಸಡಿಲವಾಯಿತು. ಮುಖ ಅರಳಿತು. ಆ ಮಧ್ಯಾಹ್ನ ಕ್ಲಾಸಿನ ಮಾತಾಡಿದಾಗ ಇದ್ದ ಮುಖವೇ. ಇತ್ತ ಮುಕುಂದ ಕಂಬ ಬಿಟ್ಟು ಜಾರಿ ಕೆಳಗೆ ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದಾನೆ.

“ಅಮ್ಮ, ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಮಂಡಿಯೆಲ್ಲ ತೋರಿಸ್ದೋನು ನಾನು” ಎಂದ. “ಹೆಂಡತಿ ಅಂತ ಹೇಗಮ್ಮ ನೋಡೋದು? ನಿನಗೆ ಹೇಳೋ ಧೈರ್ಯ ಇಬ್ಬರಿಗೂ ಇರಲಿಲ್ಲ. ನೆಟ್ ಪಾಸಾಗ್ಲಿ ಅನ್ನು, ಅದು ಯಾರಿಗೂ ಆಗಲ್ಲ, ಅಂತ ನಾನೇ ಹೇಳ್ಕೊಟ್ಟೆ. ಮನೇಲೇ ಇಂಥ ಮೇಷ್ಟ್ರು ಇದ್ದಾರೆ ಅಂತ ಯಾರಿಗೆ ಗೊತ್ತಿತ್ತು?”

ಆಗ ಮೈಸೂರುಪಾಕು, ಜಾಮೂನು ಎಲ್ಲ ನನ್ನ ತಲೆಗೆ ಹತ್ತಿತು. ಶ್ರೀವಾಣಿ ಉಳಿದದ್ದನ್ನು ಹೇಳಿದಳು. ಮೊದಲೆರಡು ಸಲ ಬೇಕೆಂದೇ ಅರ್ಧ ಖಾಲಿ ಬಿಟ್ಟು ಬಂದಳಂತೆ. ಮೂರನೇ ಸಲವೂ ಹಾಗೆಯೇ ಬಿಡಬೇಕೆಂದು ಹೋದವಳಿಗೆ ಪ್ರಶ್ನೆಪತ್ರಿಕೆ ನೋಡಿದ ಮೇಲೆ ಕೈ ನಿಲ್ಲಲಿಲ್ಲವಂತೆ. ಎಲ್ಲವೂ ಗೊತ್ತಿತ್ತು ಅಜ್ಜಿ, ಗೊತ್ತಿದ್ದೂ ಹೇಗೆ ಬಿಡೋದು ಎಂದಳು. ಪಾಸಾದರೆ ಪಾಠ ಹೇಳುವ ಆಸೆ ಕೈಗೂಡುತ್ತದೆ, ಪಾಸಾದರೆ ಸೋದರಮಾವನಿಗೇ ಕೊರಳೊಡ್ಡಬೇಕು. ಒಂದೇ ಗುರುತಿಗೆ ಎರಡು ಫಲ. ಅಂಥ ಪ್ರಶ್ನೆಯನ್ನು ಆ ಹುಡುಗಿಗೆ ಹಾಕಿದವರು ದೆಹಲಿಯವರಲ್ಲ.

ಎಲ್ಲರೂ ನಕ್ಕರು, ಆಚಾರ್ರೂ. ಇಪ್ಪತ್ತೈದು ವರ್ಷ ಜೋಪಾನ ಮಾಡಿದ ಸೊಸೆಯನ್ನು ನನ್ನ ಬಾಯಿಂದಲೇ, ಇಷ್ಟು ಜನರ ಎದುರಿಗೆ, ಮೊಮ್ಮಗಳಾಗಿ ಇಳಿಸಿಬಿಟ್ಟಿದ್ದೆ. ಬಾಯಿತಪ್ಪಿ ಬಂತು ಎಂದು ಮಾತು ವಾಪಸು ತೆಗೆದುಕೊಳ್ಳಬಹುದಿತ್ತಲ್ಲ ಎಂದು ಭಾರತಿ ಆಮೇಲೆ ಬಹಳ ಸಲ ಕೇಳಿದಳು. ಬಾಯಿತಪ್ಪಿಯೇ ಬಂದದ್ದು, ದೇವರಾಣೆ. ವಾಪಸು ಯಾಕೆ ತೆಗೆದುಕೊಳ್ಳಲಿಲ್ಲ ಎಂದರೆ, ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು, ಎದ್ದು ಹೋಗಬೇಕಾಗಿತ್ತು.

ಮುಕುಂದ ಮಾರನೆಯ ವರ್ಷ ವೇಮಗಲ್ ಕಡೆಯ ಶಾಮಲಾಳನ್ನು ಮದುವೆಯಾದ. ನಮಗೂ ಅವರಿಗೂ ಯಾವ ಕಡೆಯಿಂದಲೂ ನಂಟಸ್ತಿಕೆ ಇಲ್ಲ. ಮನೆ ತುಂಬಿಸಿಕೊಂಡ ಮಾರನೆಯ ದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ನಿಂತು, “ಅತ್ತೆ, ಬೆಲ್ಲದ ಡಬ್ಬ ಎಲ್ಲಿದೆ?” ಎಂದಳು. ನಮ್ಮ ವಂಶದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯ ಸೊಸೆ. ತೋರಿಸಿದೆ. ಒಳ್ಳೆಯ ಹುಡುಗಿ. ಶ್ರೀವಾಣಿಗೆ ಅವಳು ಅತ್ತೆ. ಆ ಗೈಡಿನ ಉತ್ತರ ಕೊನೆಗೂ ನಮ್ಮ ಮನೆಯಲ್ಲಿ ಸರಿಹೋಯಿತು. ಮುನಿಗಂಗಮ್ಮ ಬಂದು ನೋಡಿ, ತೋಪಿನ ಹಣ್ಣಲ್ಲದಿದ್ದರೂ ಮರದಲ್ಲೇ ಮಾಗಿದ್ದು ಎಂದು ಸರ್ಟಿಫಿಕೇಟು ಕೊಟ್ಟಳು.

ಶ್ರೀವಾಣಿಗೆ ದೂರದ ಸಿಂಧನೂರಿನಲ್ಲಿ ಒಂದು ಕಾಲೇಜಿನಲ್ಲಿ ಕೆಲಸವಾಯಿತು. ಆ ಊರಿನಲ್ಲಿ ಕಿಟಕಿ ಆಚೆ ಹೋಗುವವರು ನಿಂತು ಕೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲಿ ಕಿಟಕಿ ಇದೆ, ಕುರ್ಚಿ ಇದೆ. ಈಗ ಸಾಯಂಕಾಲ ನಾನೇ ಅದರಲ್ಲಿ ಕೂತು ಪೇಪರನ್ನು ಜೋರಾಗಿ ಓದುತ್ತೇನೆ. ನನ್ನ ಓದು ಎತ್ತಿನ ಗಾಡಿ. ಒತ್ತಕ್ಷರ ಬಂದಲ್ಲೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಒಳಗೆ ಶಾಮಲಾ ಒಗ್ಗರಣೆ ಹಾಕುವಾಗ ನಾನು ಅರ್ಧ ವಾಕ್ಯದಲ್ಲಿ ನಿಲ್ಲಿಸುತ್ತೇನೆ. ಮುಗಿಯಿತಾ ಅತ್ತೆ ಎನ್ನುತ್ತಾಳೆ, ಪಾಪ. ಸಾಸಿವೆ ಸಿಡಿಯಲಿ ಎಂದು ಕಾಯುತ್ತಿದ್ದೇನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಶ್ರೀವಾಣಿ ಫೋನು ಮಾಡುತ್ತಾಳೆ. ಊಟ ಆಯಿತಾ, ಗುಳಿಗೆ ತಗೊಂಡೆಯಾ ಎನ್ನುತ್ತಾಳೆ. ಅವೆಲ್ಲ ಪ್ರಶ್ನೆಗಳಲ್ಲ, ವಾಡಿಕೆ. ಅವಳು ನನ್ನನ್ನು ನಿಜವಾಗಿ ಕೇಳಿದ ಕೊನೆಯ ಪ್ರಶ್ನೆ, ಕೆಲಸಕ್ಕೆ ಸೇರಲು ಹೊರಟ ದಿನ ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ. ಮತ್ತೆ ಜೂನ್ ತಿಂಗಳು. ಕೋಲಾರದ ಬಸ್ಸಿನ ತುಂಬ ಹಣ್ಣಿನ ಬುಟ್ಟಿಗಳೇ. ಮುಕುಂದ ಅವಳ ಟ್ರಂಕನ್ನು ಮೇಲೆ ಹಾಕಿಸುತ್ತಿದ್ದ. ಅವಳು ಕಿಟಕಿಯ ಪಕ್ಕ ಸೀಟು ಹಿಡಿದು, ನಾನು ಕೊಟ್ಟ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸರಳುಗಳ ನಡುವೆ ಕೈ ಹಾಕಿ ನನ್ನ ಕೈ ಹಿಡಿದಳು.

“ಅಜ್ಜಿ, ಒಂದು ಪ್ರಶ್ನೆ. ನಾಲ್ಕಲ್ಲ, ಎರಡೇ ಆಯ್ಕೆ” ಎಂದಳು. “ಅವತ್ತು ಆಚಾರ್ರ ಮುಂದೆ ನೀನು ಬಾಯಿತಪ್ಪಿ ಹೇಳಿದ್ಯೋ, ಬೇಕು ಅಂತಲೇ ಹೇಳಿದ್ಯೋ?”

ಬುಟ್ಟಿ ನೆಟ್ಟಗೆ ಹಿಡಿದುಕೋ, ಕೆಳಗಿನ ಹಣ್ಣು ಮೆತ್ತಗಿದೆ, ಸೀರೆಗೆ ರಸ ಹತ್ತುತ್ತದೆ ಎಂದೆ. ಕಂಡಕ್ಟರು ಸೀಟಿ ಊದಿದ. ಬಸ್ಸು ಅಲುಗಾಡಿತು. ಅವಳು ಕೈ ಬಿಡಲಿಲ್ಲ.

“ಹೇಳು ಅಜ್ಜಿ. ಯಾವುದು?”